ಬ್ರೂಕ್‌ಫೀಲ್ಡ್ ಟ್ರಾಫಿಕ್‌ನಲ್ಲಿ ಸ್ಪೋರ್ಟಿ ಕಾರು: ಮೈಲೇಜ್ ತಿನ್ನೋದು ಯಾರು?

ಹೊಸ ಕಾರು ತಗೊಂಡವರಿಗೆ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯಿಂದ ಹಿಡಿದು ಊರಿನ ಮಾವನವರೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಕೊಡುತ್ತೆ?’ ಕೊಂಡದ್ದು ಸಾಧಾರಣ ಹ್ಯಾಚ್‌ಬ್ಯಾಕ್ ಆದರೆ ಉತ್ತರ ಹೇಳುವುದು ಸುಲಭ. ಸ್ವಲ್ಪ ಆಸೆಪಟ್ಟು ಟರ್ಬೊ ಎಂಜಿನ್ ಇರುವ ಪುಟ್ಟ ಸ್ಪೋರ್ಟಿ ಕಾರು ತಂದಿದ್ದರೆ ಮಾತ್ರ ನಾಲಿಗೆ ತಡವರಿಸುತ್ತದೆ. ಬ್ರೋಷರ್‌ನಲ್ಲಿ 20 ಅಂತಿದೆ, ಡ್ಯಾಶ್‌ಬೋರ್ಡ್ 11 ಅನ್ನುತ್ತಿದೆ. ಶೋರೂಮಿನವರು ಸುಳ್ಳು ಹೇಳಿದರಾ, ಕಾರಿನಲ್ಲೇ ಏನಾದರೂ ತೊಂದರೆ ಇದೆಯಾ, ಅಥವಾ ನಮ್ಮ ಬಲಗಾಲೇ ಸರಿ ಇಲ್ಲವಾ?

ಬ್ರೂಕ್‌ಫೀಲ್ಡ್‌ನಲ್ಲಿ ಇರುವವರಿಗೆ ಈ ಮೂರಕ್ಕಿಂತ ದೊಡ್ಡ ಕಾರಣ ಮನೆಯ ಗೇಟಿನ ಹೊರಗೇ ಇದೆ. ಐಟಿಪಿಎಲ್ ಮುಖ್ಯರಸ್ತೆ, ಗ್ರಾಫೈಟ್ ಇಂಡಿಯಾ ಸಿಗ್ನಲ್, ಕುಂದಲಹಳ್ಳಿ ಗೇಟ್, ಮಾರತ್ತಹಳ್ಳಿ ಸೇತುವೆ. ಇಷ್ಟು ಹೆಸರು ಹೇಳಿದರೆ ಈ ಭಾಗದವರಿಗೆ ಮಿಕ್ಕದ್ದು ಗೊತ್ತಾಗುತ್ತದೆ.

ಬ್ರೋಷರ್‌ನ ಸಂಖ್ಯೆ ಹುಟ್ಟುವುದು ಎಲ್ಲಿ?

ನಮ್ಮಲ್ಲಿ ಜನ ‘ಎಆರ್‌ಎಐ ಮೈಲೇಜ್’ ಅನ್ನುವುದು ಪುಣೆಯ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಹೆಸರಿನಿಂದ. ಪರೀಕ್ಷೆಯ ಕ್ರಮಕ್ಕೆ ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್ ಎಂದು ಹೆಸರು. ಕಾರು ರಸ್ತೆಗೇ ಇಳಿಯುವುದಿಲ್ಲ. ಕೋಣೆಯೊಳಗೆ, ರೋಲರ್‌ಗಳ ಮೇಲೆ ಚಕ್ರ ತಿರುಗುತ್ತದೆ. ಎ.ಸಿ. ಆಫ್. ಪೆಟ್ರೋಲನ್ನು ಅಳೆಪಾತ್ರೆಯಲ್ಲಿ ಅಳೆಯುವುದೂ ಇಲ್ಲ, ಸೈಲೆನ್ಸರಿನಿಂದ ಬಂದ ಹೊಗೆಯನ್ನು ಹಿಡಿದು, ಅದರಲ್ಲಿರುವ ಇಂಗಾಲದ ಲೆಕ್ಕದಿಂದ ಎಷ್ಟು ಪೆಟ್ರೋಲ್ ಉರಿಯಿತು ಎಂದು ಕಂಡುಹಿಡಿಯುತ್ತಾರೆ. ಇಡೀ ಪರೀಕ್ಷೆ 1180 ಸೆಕೆಂಡ್, ಅಂದರೆ ಇಪ್ಪತ್ತು ನಿಮಿಷವೂ ಇಲ್ಲ. ಓಡುವ ದೂರ ಸುಮಾರು ಹತ್ತೂವರೆ ಕಿ.ಮೀ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ.

ಇದರಲ್ಲಿ ಎರಡು ಭಾಗ. ಮೊದಲ ನಾಲ್ಕು ಕಿ.ಮೀ. ‘ನಗರ’, ಅಲ್ಲಿ ಸರಾಸರಿ ವೇಗ ಸುಮಾರು 19 ಕಿ.ಮೀ. ಉಳಿದ ಆರೂವರೆ ಕಿ.ಮೀ. ನಗರದ ಹೊರಗೆ. ಎರಡೂ ಸೇರಿದರೆ ಸರಾಸರಿ 32ರ ಆಸುಪಾಸು. ಟಾಮ್‌ಟಾಮ್ ಕಂಪನಿಯ ಟ್ರಾಫಿಕ್ ಸೂಚ್ಯಂಕದ ಪ್ರಕಾರ 2024ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸುಮಾರು 34 ನಿಮಿಷ ಬೇಕಾಗಿತ್ತು. ಅಂದರೆ ಗಂಟೆಗೆ ಸುಮಾರು 17.5 ಕಿ.ಮೀ. ಪರೀಕ್ಷೆಯ ನಗರ ಭಾಗವೇನೋ ನಮಗೆ ಹತ್ತಿರವೇ ಇದೆ. ತೊಂದರೆ ಏನೆಂದರೆ, ಅದಾದ ಮೇಲೆ ಸಿಗುವ ಖಾಲಿ ರಸ್ತೆ ನಮಗೆ ವಾರದ ದಿನಗಳಲ್ಲಿ ಸಿಗುವುದಿಲ್ಲ.

ಇನ್ನೊಂದು ಸಂಗತಿ ಸ್ಪೋರ್ಟಿ ಕಾರಿನವರಿಗೆ ನಗು ತರಿಸಬಹುದು. ಆ ನಗರ ಭಾಗದಲ್ಲಿ ಸೊನ್ನೆಯಿಂದ 50ಕ್ಕೆ ಏರಲು ಕಾರಿಗೆ 26 ಸೆಕೆಂಡ್ ಕೊಡುತ್ತಾರೆ. ನಮ್ಮ ಸಿಗ್ನಲ್‌ನಲ್ಲಿ ಅಷ್ಟು ನಿಧಾನ ಹೊರಟರೆ ಹಿಂದಿನ ಆಟೊದವರು ಹಾರ್ನ್ ಮೇಲಿಂದ ಕೈ ತೆಗೆಯುವುದಿಲ್ಲ. ಇದೇ ವಂಶದ ಪರೀಕ್ಷೆ ಯುರೋಪಿನಲ್ಲೂ ಇತ್ತು. ರಸ್ತೆಯ ವಾಸ್ತವಕ್ಕೆ ದೂರ ಎಂದು 2017ರಿಂದ ಹೊಸ ಮಾಡೆಲ್‌ಗಳಿಗೆ ಅಲ್ಲಿ ಅದನ್ನು ಬಿಟ್ಟು ಡಬ್ಲ್ಯುಎಲ್‌ಟಿಪಿ ಎಂಬ ಹೆಚ್ಚು ಬಿಗಿಯಾದ ಕ್ರಮ ತಂದರು.

ಹಾಗಂತ ಈ ಸಂಖ್ಯೆ ನಿಷ್ಪ್ರಯೋಜಕ ಅಲ್ಲ. ಎಲ್ಲ ಕಾರುಗಳಿಗೂ ಒಂದೇ ಪರೀಕ್ಷೆಯಾದ್ದರಿಂದ ಒಂದನ್ನು ಇನ್ನೊಂದಕ್ಕೆ ಹೋಲಿಸಲು ಅದು ಸಾಕು. 2013ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐಗೆ 17.2 ಇತ್ತು. 2017ರ ಬಲೆನೊ ಆರ್‌ಎಸ್‌ಗೆ 21.1. 2021ರ ಹ್ಯುಂಡೈ ಐ20 ಎನ್ ಲೈನ್‌ಗೆ 20. ಟರ್ಬೊ ಇಲ್ಲದ, 2024ರ ಹೊಸ ಸ್ವಿಫ್ಟ್ ಮ್ಯಾನುಯಲ್‌ಗೆ 24.8. ಕಾಗದದ ಮೇಲೆ ಸ್ಪೋರ್ಟಿ ಕಾರಿಗೂ ಸಂಸಾರಸ್ಥ ಕಾರಿಗೂ ನಾಲ್ಕೈದರ ಅಂತರ ಇದೆ. ಈ ಅಂತರ ಬ್ರೂಕ್‌ಫೀಲ್ಡ್‌ನಲ್ಲಿ ಎಷ್ಟಾಗಿ ಉಳಿಯುತ್ತದೆ ಅನ್ನುವುದೇ ನಮಗೆ ಬೇಕಾದ್ದು.

ಹನ್ನೆರಡು ಕಿ.ಮೀ.ನ ಬಿಲ್

ಬ್ರೂಕ್‌ಫೀಲ್ಡ್‌ನಿಂದ ಕುಂದಲಹಳ್ಳಿ ಗೇಟ್, ಮಾರತ್ತಹಳ್ಳಿ, ಕಾಡುಬೀಸನಹಳ್ಳಿ ದಾಟಿ ಬೆಳ್ಳಂದೂರಿನ ಆಫೀಸಿಗೆ ಹೋಗುವವರನ್ನು ತೆಗೆದುಕೊಳ್ಳೋಣ. ದೂರ 12 ಕಿ.ಮೀ., ಬೆಳಗಿನ ಹೊತ್ತು 50 ನಿಮಿಷ ಎಂದಿಟ್ಟುಕೊಳ್ಳಿ. ಅದರಲ್ಲಿ 18 ನಿಮಿಷ ಚಕ್ರ ಅಲ್ಲಾಡದೆ ನಿಂತಿದ್ದು. ಸಿಗ್ನಲ್, ಹಂಪ್, ಎದುರಿಗೆ ಅಡ್ಡ ಬಂದ ಬೈಕ್ ಎಲ್ಲ ಸೇರಿ 40 ಸಲ ನಿಂತು ಮತ್ತೆ 30 ಕಿ.ಮೀ. ವೇಗಕ್ಕೆ ಏರಿದ್ದು. ಕಾರೂ ಡ್ರೈವರೂ ಸೇರಿ ಒಂದು ಟನ್ ಚಿಲ್ಲರೆ ತೂಕ.

ಈಗ ಬಿಲ್ ಬರೆಯೋಣ. ಸಣ್ಣ ಪೆಟ್ರೋಲ್ ಎಂಜಿನ್ ಎ.ಸಿ. ಹಾಕಿಕೊಂಡು ಸುಮ್ಮನೆ ನಿಂತರೆ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. 18 ನಿಮಿಷಕ್ಕೆ 300 ಮಿ.ಲೀ. ನಿಂತ ಕಾರನ್ನು 30 ಕಿ.ಮೀ. ವೇಗಕ್ಕೆ ತರಲು ಬೇಕಾದ ಶಕ್ತಿ ಸುಮಾರು 36 ಕಿಲೋಜೂಲ್. ಪೆಟ್ರೋಲಿನ ಶಕ್ತಿಯಲ್ಲಿ ನಿಧಾನ ಟ್ರಾಫಿಕ್‌ನಲ್ಲಿ ಚಕ್ರಕ್ಕೆ ತಲುಪುವುದು ಐದನೇ ಒಂದು ಪಾಲು ಎಂದರೆ, ಒಂದೊಂದು ಸಲ ಹೊರಡುವುದಕ್ಕೂ 6 ಮಿ.ಲೀ. ನಲವತ್ತು ಸಲಕ್ಕೆ 240. ಬ್ರೇಕ್ ಒತ್ತಿದಾಗಲೆಲ್ಲ ಇದು ಬಿಸಿಯಾಗಿ ಗಾಳಿಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಇನ್ನು ಟೈರ್ ಉರುಳುವ ಘರ್ಷಣೆ, ಗಾಳಿಯ ಅಡ್ಡಿ, ಹೋಗುತ್ತಿರುವಾಗಿನ ಎ.ಸಿ. ಇವಕ್ಕೆ 300. ಒಟ್ಟು 840 ಮಿ.ಲೀ. ಲೀಟರಿಗೆ 14 ಚಿಲ್ಲರೆ.

ಕಾರಿನಲ್ಲಿ ಯಾವ ದೋಷವೂ ಇಲ್ಲ, ಡ್ರೈವರ್ ಒಂದು ಸಲವೂ ಜೋರಾಗಿ ಒತ್ತಿಲ್ಲ. ಆದರೂ 14. ಸಾವಧಾನದ ಸ್ವಿಫ್ಟ್‌ಗೂ ಇದೇ ಗತಿ.

ಅದೇ 12 ಕಿ.ಮೀ.ಯನ್ನು ಭಾನುವಾರ ಬೆಳಗ್ಗೆ ಆರಕ್ಕೆ ಹೋಗಿ ನೋಡಿ. ಎರಡು ನಿಮಿಷ ನಿಲ್ಲುವುದು, 30 ಮಿ.ಲೀ. ಹದಿನೈದು ಸಲ 40 ಕಿ.ಮೀ. ವೇಗಕ್ಕೆ ಏರುವುದು, ಸಲಕ್ಕೆ 10ರಂತೆ 150. ಉರುಳುವುದಕ್ಕೆ ಮತ್ತು ಗಾಳಿಗೆ 320. ಒಟ್ಟು 500. ಲೀಟರಿಗೆ 24. ಅದೇ ಕಾರು, ಅದೇ ರಸ್ತೆ, ಅದೇ ಪೆಟ್ರೋಲ್. ಎರಡು ಕಾರುಗಳ ನಡುವಿನ ನಾಲ್ಕೈದರ ಅಂತರಕ್ಕೆ ನಾವು ತಿಂಗಳುಗಟ್ಟಲೆ ವಿಡಿಯೊ ನೋಡುತ್ತೇವೆ. ಮನೆಯಿಂದ ಹೊರಡುವ ಹೊತ್ತು ಬದಲಾದರೆ ಹತ್ತರ ಅಂತರ ಬರುತ್ತದೆ.

ಹಾಗಾದರೆ ಬಲಗಾಲು?

ಬಲಗಾಲಿಗೂ ಪಾಲಿದೆ. ವೇಗ ದುಪ್ಪಟ್ಟಾದರೆ ಕಾರಿನಲ್ಲಿ ತುಂಬಬೇಕಾದ ಶಕ್ತಿ ನಾಲ್ಕು ಪಟ್ಟು. ನಿಂತಲ್ಲಿಂದ 30ಕ್ಕೆ ಏರಲು 6 ಮಿ.ಲೀ. ಆದರೆ 50ಕ್ಕೆ ಏರಲು 16. ಮುಂದಿನ ಹಂಪ್ 150 ಮೀಟರ್ ದೂರದಲ್ಲೇ ಕಾಣುತ್ತಿದ್ದರೂ ಖಾಲಿ ಜಾಗ ಸಿಕ್ಕಿತು ಅಂತ 50 ಮುಟ್ಟಿಸಿ ಬ್ರೇಕ್ ಹಾಕಿದರೆ, ಆ ಹೆಚ್ಚುವರಿ 10 ಮಿ.ಲೀ. ಪೂರ್ತಿ ಬ್ರೇಕ್ ಪ್ಯಾಡ್‌ಗೆ ನೈವೇದ್ಯ. ನಲವತ್ತರಲ್ಲಿ ಹದಿನೈದು ಸಲ ಹೀಗೆ ಮಾಡಿದರೆ 14 ಇದ್ದದ್ದು 12ಕ್ಕೆ ಇಳಿಯುತ್ತದೆ. ಆಫೀಸು ಮಾತ್ರ ಅದೇ ಹೊತ್ತಿಗೆ ಬರುತ್ತದೆ.

ಸ್ಪೋರ್ಟಿ ಕಾರು ಕೈಕೊಡುವುದು ಇಲ್ಲೇ. ಅದರಲ್ಲಿ 50 ಮುಟ್ಟುವುದು ತೀರಾ ಸುಲಭ. ಟರ್ಬೊ ಅಂದರೆ ಎಂಜಿನ್‌ನಿಂದ ಹೊರಬರುವ ಹೊಗೆಯ ರಭಸಕ್ಕೆ ತಿರುಗುವ ಪುಟ್ಟ ಚಕ್ರ. ಅದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಹೆಚ್ಚು ಗಾಳಿ ಬಂದರೆ ಹೆಚ್ಚು ಪೆಟ್ರೋಲೂ ಬೇಕು. ಐ20 ಎನ್ ಲೈನ್‌ನ 998 ಸಿಸಿ ಎಂಜಿನ್ 120 ಪಿಎಸ್ ಕೊಡುವುದು ಹೀಗೆ. ಕಾಲು ಹಗುರವಾಗಿದ್ದಾಗ ಅದು ಒಂದು ಲೀಟರಿನ ಬಡಪಾಯಿ ಎಂಜಿನ್. ಕಾಲು ಭಾರವಾದ ಕೂಡಲೇ ದೊಡ್ಡ ಎಂಜಿನ್‌ನ ಹೊಟ್ಟೆ ಬರುತ್ತದೆ. ಒಂದೇ ಕಾರಿನಲ್ಲಿ ಇಬ್ಬರು ಓಡಿಸಿದಾಗ ಬರುವ ವ್ಯತ್ಯಾಸ ಟರ್ಬೊದಲ್ಲಿ ಹೆಚ್ಚು ಕಾಣುವುದು ಇದಕ್ಕೇ. ಗಂಡ ಹೆಂಡತಿ ಒಂದೇ ಕಾರನ್ನು ದಿನ ಬಿಟ್ಟು ದಿನ ಓಡಿಸುವ ಮನೆಗಳಲ್ಲಿ ಟ್ರಿಪ್ ಮೀಟರ್ ಜಗಳ ಹಚ್ಚದೆ ಇರುವುದಿಲ್ಲ!

ಟರ್ಬೊ ಪರವಾಗಿಯೂ ಒಂದು ಮಾತು ಹೇಳಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಕಡಿಮೆ. ಸಾಧಾರಣ ಎಂಜಿನ್ ಅಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊಗೆ ಆ ಕೊರತೆ ಅಷ್ಟಾಗಿ ತಟ್ಟುವುದಿಲ್ಲ. ಘಟ್ಟ ಹತ್ತುವಾಗ ಮೂರನೇ ಗೇರ್‌ನಲ್ಲೇ ಸಲೀಸಾಗಿ ಹೋಗುವುದರ ಗುಟ್ಟಿನಲ್ಲಿ ಇದೂ ಒಂದು.

ಟ್ರಾಫಿಕ್‌ನಲ್ಲಿ ಕೆಲಸಕ್ಕೆ ಬರುವ ಒಂದು ವಿಷಯ ಹಲವರಿಗೆ ತಲೆಕೆಳಗಾಗಿ ಗೊತ್ತಿದೆ. ಮುಂದೆ ಹಂಪ್ ಕಂಡಾಗ ನ್ಯೂಟ್ರಲ್‌ಗೆ ಹಾಕಿ ಜಾರಿಸಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವುದು ಕಾರ್ಬ್ಯುರೇಟರ್ ಕಾಲದ ಬುದ್ಧಿವಾದ. ಈಗಿನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್ ಗೇರ್‌ನಲ್ಲಿದ್ದು, ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ, ಪೆಟ್ರೋಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ನಿಂತ ಎಂಜಿನ್‌ನಷ್ಟು ಕುಡಿಯುತ್ತಲೇ ಇರುತ್ತದೆ. ಹಿಡಿತವೂ ತಪ್ಪುತ್ತದೆ. ದೂರದಿಂದಲೇ ಕಾಲು ಎತ್ತಿ, ಗೇರ್‌ನಲ್ಲೇ ಬಿಡಿ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದ್ದವರು ಇಂಚಿಂಚು ತೆವಳುವ ಬದಲು ಮುಂದೆ ಒಂದು ಕಾರಿನಷ್ಟು ಜಾಗ ಬಿಟ್ಟು, ಒಟ್ಟಿಗೆ ಮುಂದೆ ಹೋಗುವುದು ಒಳ್ಳೆಯದು. ತೆವಳಿದಷ್ಟೂ ಕ್ಲಚ್ ಬಿಸಿಯಾಗುತ್ತದೆ. ಆ ಜಾಗಕ್ಕೆ ಸ್ಕೂಟರ್ ನುಗ್ಗುತ್ತದೆ ಅಂತೀರಾ? ನುಗ್ಗಲಿ ಬಿಡಿ.

ಮುಳಬಾಗಿಲು ದೋಸೆಯ ದಾರಿಯಲ್ಲಿ

ವಾರವಿಡೀ 11 ತೋರಿಸಿದ ಕಾರಿನ ಮರ್ಯಾದೆ ಉಳಿಯುವುದು ಭಾನುವಾರ. ಬ್ರೂಕ್‌ಫೀಲ್ಡ್‌ನವರಿಗೆ ಒಂದು ಅನುಕೂಲ ಇದೆ. ಊರಿನ ಪಶ್ಚಿಮದವರ ಹಾಗೆ ನಗರ ದಾಟಬೇಕಿಲ್ಲ. ಹೋಪ್ ಫಾರ್ಮ್, ಕಾಡುಗೋಡಿ ದಾಟಿ ಹೊಸಕೋಟೆ ಸೇರಿದರೆ ಕೋಲಾರದ ಹೆದ್ದಾರಿ. ಬೆಳಗ್ಗೆ ಬೇಗ ಹೊರಟು ಮುಳಬಾಗಿಲಿನಲ್ಲಿ ದೋಸೆ ತಿಂದು ಬಂದರೆ ಸುಮಾರು 180 ಕಿ.ಮೀ. ಆಗುತ್ತದೆ.

ಇಲ್ಲಿ ಲೆಕ್ಕದ ಪೂರ್ತಿ ಚಹರೆ ಬದಲು. ನಿಲ್ಲುವುದು, ಹೊರಡುವುದು ಮಾಯವಾಗಿ ಗಾಳಿಯೇ ಮುಖ್ಯ ಖರ್ಚಾಗುತ್ತದೆ. ಗಾಳಿಯ ಅಡ್ಡಿ ವೇಗದ ವರ್ಗದಂತೆ ಏರುತ್ತದೆ. 80ರಲ್ಲಿ ಇದ್ದದ್ದು 100ರಲ್ಲಿ ಶೇ 56 ಹೆಚ್ಚು. ಹೊಸಕೋಟೆಯಿಂದ ಶುರುವಾಗುವ ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ 120 ಹಿಡಿದರೆ ಎರಡೂಕಾಲು ಪಟ್ಟು. ಖಾಲಿ ರಸ್ತೆಯಲ್ಲಿ ಅತಿ ಹೆಚ್ಚು ಮೈಲೇಜ್ ಸಿಗುವುದು 80ರ ಆಸುಪಾಸಿನಲ್ಲಿ, ಮೇಲಿನ ಗೇರ್‌ನಲ್ಲಿ, ಟರ್ಬೊಗೆ ಹೆಚ್ಚು ಕೆಲಸ ಕೊಡದೆ ಹೋದಾಗ. ನಗರದಲ್ಲಿ 11 ಕೊಟ್ಟ ಕಾರು ಇಲ್ಲಿ ಬ್ರೋಷರ್‌ನ ಸಂಖ್ಯೆಗೆ ಹತ್ತಿರ ಬಂದರೆ ಆಶ್ಚರ್ಯ ಬೇಡ.

ಗಿಡ್ಡ ಕಾರಿಗೆ ಇಲ್ಲಿ ಲಾಭವೂ ಇದೆ. ಹ್ಯುಂಡೈನ ಒಂದು ಲೀಟರ್ ಟರ್ಬೊ ಎಂಜಿನ್ ಐ20ಯಲ್ಲೂ ಇದೆ, ಎತ್ತರದ ವೆನ್ಯೂನಲ್ಲೂ ಬಂದಿದೆ. ಎತ್ತರದ ಕಾರು ಹೆಚ್ಚು ಗಾಳಿ ಸೀಳಬೇಕು. ಈಗ ಎಲ್ಲರೂ ಎಸ್‌ಯುವಿ ಹಿಂದೆ ಬಿದ್ದಿರುವಾಗ, ನೆಲಕ್ಕೆ ಹತ್ತಿರ ಕೂತು ಹೋಗುವ ಪುಟ್ಟ ಹ್ಯಾಚ್‌ಬ್ಯಾಕನ್ನು ‘ದುಂದು’ ಅನ್ನುವುದು ನನಗಂತೂ ನ್ಯಾಯ ಅನ್ನಿಸುವುದಿಲ್ಲ. ಅದೇ ಶಕ್ತಿಗೆ ಅದು ಜಿಪುಣ ಗಾಡಿ.

ದುಡ್ಡಿನ ಮಾತು

ಲೀಟರಿಗೆ ಎಷ್ಟು ಕಿ.ಮೀ. ಎಂದು ಅಳೆಯುವ ರೂಢಿ ನಮ್ಮ ತಲೆಯನ್ನು ಸ್ವಲ್ಪ ಕೆಡಿಸುತ್ತದೆ. ಮೈಲೇಜ್ 20ರಿಂದ 25ಕ್ಕೆ ಏರುವುದು ಒಳ್ಳೆಯದೋ, 10ರಿಂದ 12ಕ್ಕೆ ಏರುವುದೋ? ಐದು ದೊಡ್ಡದು, ಎರಡು ಚಿಕ್ಕದು ಅನ್ನಿಸುತ್ತದೆ. ಆದರೆ 100 ಕಿ.ಮೀ.ಗೆ ಲೆಕ್ಕ ಹಾಕಿ. 20ರಿಂದ 25 ಅಂದರೆ 5 ಲೀಟರ್ ಇದ್ದದ್ದು 4 ಆಯಿತು, ಉಳಿದದ್ದು ಒಂದು ಲೀಟರ್. 10ರಿಂದ 12 ಅಂದರೆ 10 ಲೀಟರ್ ಇದ್ದದ್ದು 8.3 ಆಯಿತು, ಉಳಿದದ್ದು 1.7. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಭ್ರಮೆಯ ಬಗ್ಗೆಯೇ ಬರೆದರು. ಯುರೋಪಿನವರು 100 ಕಿ.ಮೀ.ಗೆ ಎಷ್ಟು ಲೀಟರ್ ಎಂದೇ ಅಳೆಯುವುದರಿಂದ ಈ ಗೊಂದಲ ಅವರಿಗಿಲ್ಲ. ಟ್ರಾಫಿಕ್‌ನಲ್ಲಿ ಒದ್ದಾಡುವ ನಮಗೆ ಇದರ ಅರ್ಥ ಏನೆಂದರೆ, ಹೆದ್ದಾರಿಯಲ್ಲಿ 22 ಬಂತಾ 24 ಬಂತಾ ಅನ್ನುವುದಕ್ಕಿಂತ ವಾರದ ದಿನದ 10ನ್ನು 12 ಮಾಡುವುದರಲ್ಲೇ ದುಡ್ಡಿದೆ.

ತಿಂಗಳಿಗೆ 20 ದಿನ, ದಿನಕ್ಕೆ 24 ಕಿ.ಮೀ., ಒಟ್ಟು 480 ಕಿ.ಮೀ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಳ್ಳೋಣ. ಸಾಧಾರಣ ಕಾರು ಇದೇ ರಸ್ತೆಯಲ್ಲಿ 14 ಕೊಟ್ಟರೆ ತಿಂಗಳಿಗೆ ಸುಮಾರು 3,500 ರೂಪಾಯಿ. ಸ್ಪೋರ್ಟಿ ಕಾರು 11 ಕೊಟ್ಟರೆ 4,500. ವ್ಯತ್ಯಾಸ ಒಂದು ಸಾವಿರ. ವಾರಕ್ಕೆ ಮೂರೇ ದಿನ ಆಫೀಸಿಗೆ ಹೋಗುವವರಿಗೆ 600ರ ಒಳಗೆ.

ಇದನ್ನು ಇಎಂಐ ಪಕ್ಕದಲ್ಲಿ ಇಟ್ಟು ನೋಡಿ. ಸ್ಪೋರ್ಟಿ ಮಾಡೆಲ್‌ಗೆ ಎರಡು ಲಕ್ಷ ಹೆಚ್ಚು ಕೊಡಬೇಕಾಗಿ ಬಂದು, ಅದಕ್ಕೆ ಶೇ 9ರ ಬಡ್ಡಿಯಲ್ಲಿ ಐದು ವರ್ಷದ ಸಾಲ ಮಾಡಿದರೆ ತಿಂಗಳಿಗೆ 4,150 ರೂಪಾಯಿ ಹೆಚ್ಚುವರಿ. ಪೆಟ್ರೋಲಿನ ಸಾವಿರದ ನಾಲ್ಕು ಪಟ್ಟು! ‘ಮೈಲೇಜ್ ಬರಲ್ಲ, ಬೇಡ’ ಎಂದು ತಡೆಯುವ ಅಪ್ಪಂದಿರು ನಿಜವಾಗಿ ಹಿಡಿಯಬೇಕಾದ್ದು ಸಾಲದ ಕಾಗದವನ್ನು. ಇನ್ನೊಂದು ಕಡೆ ಚೂರು ಉಳಿತಾಯವೂ ಇದೆ. ಥರ್ಡ್ ಪಾರ್ಟಿ ವಿಮೆಯ ದರ ಎಂಜಿನ್‌ನ ಸಿಸಿ ಮೇಲೆ ನಿಂತಿದೆ. 2022ರಲ್ಲಿ ನಿಗದಿಯಾದ ಪ್ರಕಾರ 1000 ಸಿಸಿವರೆಗೆ ವರ್ಷಕ್ಕೆ 2,094 ರೂಪಾಯಿ, ಅದಕ್ಕಿಂತ ಮೇಲೆ 1500 ಸಿಸಿವರೆಗೆ 3,416. ಹೀಗಾಗಿ 120 ಪಿಎಸ್‌ನ 998 ಸಿಸಿ ಟರ್ಬೊ, 1.2 ಲೀಟರ್‌ನ ಸೌಮ್ಯ ಕಾರಿಗಿಂತ ಈ ಲೆಕ್ಕದಲ್ಲಿ ಅಗ್ಗ. ನಿಯಮ ಬರೆದವರಿಗೆ ಟರ್ಬೊ ನೆನಪಾಗಲಿಲ್ಲವೋ ಏನೋ.

ಪೆಟ್ರೋಲ್ ಉಳಿಸುವುದೇ ಗುರಿಯಾದರೆ, ಕಾರು ಬದಲಿಸುವುದಕ್ಕಿಂತ ದೊಡ್ಡ ಉಪಾಯ ಮನೆ ಹತ್ತಿರವೇ ಇದೆ. ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಶುರುವಾದದ್ದು 2023ರ ಮಾರ್ಚ್‌ನಲ್ಲಿ. ಅದೇ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಗೆ ಕೊಂಡಿ ಸೇರಿತು. ಆಫೀಸು ಇಂದಿರಾನಗರ ಅಥವಾ ಎಂ.ಜಿ. ರಸ್ತೆಯ ಕಡೆ ಇದ್ದರೆ ಕುಂದಲಹಳ್ಳಿ ನಿಲ್ದಾಣದಿಂದ ರೈಲು ಹತ್ತಿ, ಸ್ಪೋರ್ಟಿ ಕಾರನ್ನು ಭಾನುವಾರಕ್ಕೆ ಇಟ್ಟುಕೊಳ್ಳುವುದು ಜಾಣತನ. ಹಾಗೆ ಮಾಡಿದರೆ ಆ ಕಾರಿನ ಸರಾಸರಿ ಮೈಲೇಜ್ ನೋಡಿ ಊರಿನ ಮಾವ ಬೆರಗಾಗುತ್ತಾರೆ.

ಬಂಕ್‌ನಲ್ಲಿ ಏನು ಸಿಗುತ್ತಿದೆ?

‘ಮೊದಲು 13 ಬರ್ತಿತ್ತು, ಈಗ 12’ ಅನ್ನುವವರ ದೂರಿನಲ್ಲಿ ಸ್ವಲ್ಪ ಪಾಲು ಎಥನಾಲ್‌ನದು. ಈಗ ಬಂಕ್‌ಗಳಲ್ಲಿ ಬರುವುದು ಶೇ 20 ಎಥನಾಲ್ ಬೆರೆತ ಇ20. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ ಶಕ್ತಿ ಇದೆ. ನೀತಿ ಆಯೋಗದ 2021ರ ಮಾರ್ಗಸೂಚಿ ವರದಿಯೇ ಅಂದಾಜು ಕೊಟ್ಟಿತ್ತು: ಎಥನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸವಾಗಿ ಇ10ಕ್ಕೆ ಹೊಂದಿಸಿದ ಕಾರುಗಳಿಗೆ ಶೇ 6ರಿಂದ 7, ಇ10ಕ್ಕೆ ವಿನ್ಯಾಸವಾಗಿ ಇ20ಗೆ ಹೊಂದಿಸಿದ ಕಾರುಗಳಿಗೆ ಶೇ 1ರಿಂದ 2 ಇಳಿಕೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಪೋಲೊ ಜಿಟಿ ಅಥವಾ ಬಲೆನೊ ಆರ್‌ಎಸ್ ಹುಡುಕುತ್ತಿರುವವರು ಈ ವ್ಯತ್ಯಾಸವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಕಾರಿನ ಮ್ಯಾನುಯಲ್‌ನಲ್ಲಿ ಯಾವ ಪೆಟ್ರೋಲ್‌ವರೆಗೆ ಒಪ್ಪಿಗೆ ಇದೆ ಎಂದೂ ನೋಡಿಕೊಳ್ಳಿ.

ಅಳೆಯುವುದು ಹೇಗೆ?

ಡ್ಯಾಶ್‌ಬೋರ್ಡ್ ತೋರಿಸುವ ಸಂಖ್ಯೆ ಕಂಪ್ಯೂಟರಿನ ಅಂದಾಜು, ಅದು ಸಾಮಾನ್ಯವಾಗಿ ಸ್ವಲ್ಪ ಉದಾರಿ. ಟ್ಯಾಂಕ್ ಫುಲ್ ಮಾಡಿಸುವಾಗ ಮೊದಲ ಆಟೊ ಕಟ್‌ಗೇ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಅರ್ಧ ಟ್ಯಾಂಕಿಗಿಂತ ಹೆಚ್ಚು ಓಡಿಸಿ ಅದೇ ಬಂಕ್‌ಗೆ ಹೋಗಿ ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ಓಡಿದ ಕಿ.ಮೀ.ಯನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಕಟ್ ಆದ ಮೇಲೆ ‘ರೌಂಡ್ ಫಿಗರ್ ಮಾಡ್ಲಾ ಸಾರ್’ ಅಂದರೆ ಬೇಡ ಅನ್ನಿ, ಲೆಕ್ಕ ಕೆಡುತ್ತದೆ. ಒಂದು ಟ್ಯಾಂಕ್ ಸಾಲದು, ಮೂರ್ನಾಲ್ಕು ಬೇಕು. ಅಲ್ಲೇ ಟೈರ್‌ಗೆ ಗಾಳಿಯನ್ನೂ ನೋಡಿಸಿ. ಡ್ರೈವರ್ ಬಾಗಿಲ ಹತ್ತಿರ ಅಂಟಿಸಿರುವ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು, ಹುಡುಗ ಹೇಳಿದಷ್ಟಲ್ಲ.

ಜೊತೆಗೆ ಇನ್ನೊಂದು ಸಂಖ್ಯೆ ಬರೆದುಕೊಳ್ಳಿ. ಇದನ್ನು ಯಾರೂ ಬರೆಯುವುದಿಲ್ಲ: ಆ ಟ್ಯಾಂಕಿನ ಸರಾಸರಿ ವೇಗ. ಟ್ರಿಪ್ ಕಂಪ್ಯೂಟರ್ ಇರುವ ಬಹುತೇಕ ಕಾರುಗಳಲ್ಲಿ ಅದು ಸಿಗುತ್ತದೆ. ಮೈಲೇಜ್ 13ರಿಂದ 11ಕ್ಕೆ ಇಳಿದು, ಸರಾಸರಿ ವೇಗವೂ 19ರಿಂದ 14ಕ್ಕೆ ಇಳಿದಿದ್ದರೆ, ಅದು ಮಳೆಗಾಲದ ಕುಂದಲಹಳ್ಳಿ ಗೇಟಿನ ಕೆಲಸ. ವೇಗ ಹಾಗೇ ಇದ್ದು ಮೈಲೇಜ್ ಮಾತ್ರ ಬಿದ್ದಿದ್ದರೆ ಟೈರ್ ಗಾಳಿ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಹಿಡಿದುಕೊಂಡಿರುವ ಬ್ರೇಕ್ ಇವನ್ನು ಸರ್ವಿಸ್ ಸೆಂಟರ್‌ನಲ್ಲಿ ನೋಡಿಸಬೇಕು. ಓದುಗರ ಅಂಕಣಕ್ಕೆ ನಿಮ್ಮ ಮೈಲೇಜ್ ಬರೆದು ಕಳಿಸುವಾಗಲೂ ಈ ಎರಡೂ ಸಂಖ್ಯೆ ಇರಲಿ. ಕಾರಿನ ಹೆಸರಿಗಿಂತ ಮೊದಲು ರೂಟ್ ಬರೆಯಿರಿ.